ಒಂದೇ ಲಕೋಟೆಯಲ್ಲಿ ಎರಡು ಕಾಗದ

ಈ ಸಲದ ಟಪಾಲಿನಲ್ಲಿ ಅರಸೀಕೆರೆಯಿಂದ ಒಂದು ದಪ್ಪ ಲಕೋಟೆ ಬಂದಿತ್ತು. ಒಡೆದು ನೋಡಿದರೆ ಒಳಗೆ ಎರಡು ಕಾಗದ. ಒಂದು ನಾಲ್ಕು ಪುಟದ್ದು, ಸೊಸೆ ಬರೆದದ್ದು. ಇನ್ನೊಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿದ್ದು, ಅತ್ತೆಯದು. ಅಂಚೆಗೆ ಹಾಕಿ ಬನ್ನಿ ಎಂದು ಸೊಸೆ ಕೊಟ್ಟ ಲಕೋಟೆಗೆ ಅತ್ತೆ ತಮ್ಮದನ್ನೂ ಸೇರಿಸಿ ಅಂಟಿಸಿಬಿಟ್ಟಿದ್ದಾರೆ. ಸೊಸೆಗೆ ಇದು ಗೊತ್ತಿತ್ತೋ ಇಲ್ಲವೋ, ಈ ಪುಟ ಓದಿದ ಮೇಲಂತೂ ಗೊತ್ತಾಗುತ್ತದೆ. ಅಮ್ಮಾ, ಕ್ಷಮಿಸಬೇಕು. ಎರಡಕ್ಕೂ ಉತ್ತರ ಒಂದೇ ಕಡೆ ಕೊಡುವುದು ಒಳ್ಳೆಯದೆಂದು ನನಗೆ ಕಂಡಿತು.

ಸೊಸೆಯ ಪತ್ರದ ಸಾರ ಇಷ್ಟು. ಹುಟ್ಟಿದ್ದು ಹಳೇಬೀಡು. ಏಳನೆಯ ತರಗತಿಯವರೆಗೆ ಅಲ್ಲೇ ಕನ್ನಡ ಮಾಧ್ಯಮ, ಹೈಸ್ಕೂಲು ಬೇಲೂರಿನಲ್ಲಿ, ಇಂಜಿನಿಯರಿಂಗ್ ಹಾಸನದಲ್ಲಿ. ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಮದುವೆಯಾಗಿ ಅರಸೀಕೆರೆಗೆ ಬಂದರು. ಪತಿಯದು ಕೊಬ್ಬರಿ ವ್ಯಾಪಾರ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಈಗ ನಾಲ್ಕು ವರ್ಷ. ಮಗು ಶಾಲೆಗೆ ಹೋಗತೊಡಗಿದೆ. ಬಸ್ಸು, ವಿಮಾನ, ಹೋಟೆಲುಗಳ ಟಿಕೆಟ್ ಕಾದಿರಿಸಿಕೊಡುವ ಕಂಪನಿಯೊಂದು ಸಾಫ್ಟ್‌ವೇರ್ ಇಂಜಿನಿಯರ್ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿದೆ. ಈ ಸಂಚಿಕೆ ಕೈಸೇರುವ ಹೊತ್ತಿಗೆ ಮೂರು ವಾರ ಉಳಿದಿರುತ್ತದೆ. "ಓದಿದ್ದೆಲ್ಲ ಮರೆತುಹೋಗಿದೆ. ಇಂಗ್ಲಿಷ್ ಮಾತಾಡಲು ನಾಲಿಗೆ ತಡವರಿಸುತ್ತದೆ. ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದ್ದಾರೆ.

ಅತ್ತೆಯವರದು ನಾಲ್ಕೇ ಸಾಲು. "ನಾಕು ವರ್ಷ ಮನೇಲಿದ್ದವಳಿಗೆ ಯಾರು ಕೆಲ್ಸ ಕೊಡ್ತಾರೆ? ನೀವು ತಿಳಿದೋರು, ಸುಮ್ನೆ ಆಸೆ ಹುಟ್ಟಿಸಬೇಡಿ. ಸಿಗದಿದ್ರೆ ಊಟ ಬಿಟ್ಟು ಕೂತ್ಕೋತಾಳೆ. ಸಿಕ್ಕಿದ್ರೆ ಮಗೂನ ಕರ್ಕೊಂಡು ಹೋಗ್ತಾಳೆ."

ಈ ಕೊನೆಯ ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ನನಗೆ ಕಂಪ್ಯೂಟರಿನ ಗಂಧ ಅಷ್ಟಕ್ಕಷ್ಟೆ. ಆದರೆ ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ಇದೇ ಬಗೆಯ ಕೆಲಸದಲ್ಲಿದ್ದಾಳೆ. ಸಂದರ್ಶನ ಮಾಡುವವರ ಸಾಲಿನಲ್ಲಿ ಕೂರುವವಳು. ಎರಡು ಭಾನುವಾರ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಅವಳಿಗಿಷ್ಟವಾದ ಅಕ್ಕಿರೊಟ್ಟಿ ತಟ್ಟುತ್ತಾ, ಕೇಳಿದ್ದೆಲ್ಲ ಬರೆದುಕೊಂಡೆ. ಕೆಳಗಿರುವ ಬುದ್ಧಿಯ ಮಾತೆಲ್ಲ ಅವಳದು, ಗೊಣಗಾಟ ಮಾತ್ರ ನನ್ನದು.

ಅವಳು ಮೊದಲು ಹೇಳಿದ್ದು ಇದು: "ಚಿಕ್ಕಮ್ಮಾ, ಟಿಕೆಟ್ ಕಂಪನಿಯಲ್ಲಿ ಕೇಳೋದು ಬಸ್ ಸ್ಟ್ಯಾಂಡಿನ ವಿಷಯಾನೇ. ಅರಸೀಕೆರೆಯಂಥ ಜಂಕ್ಷನ್ನಿನಲ್ಲಿ ಇರೋರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಗೊತ್ತಿರೋದನ್ನ ಬಾಯಿಬಿಟ್ಟು ಹೇಳೋಕೆ ಬರಲ್ಲ, ಅಷ್ಟೇ."

ಮಾತು ನಿಜವಿರಬೇಕು. ಈ ಉದ್ಯಮ ಹುಟ್ಟಿದ್ದೇ ಟಿಕೆಟ್ಟಿನ ಪಡಿಪಾಟಲಿನಿಂದ. ಅಮೆರಿಕದಲ್ಲಿ ವಿಮಾನದ ಸೀಟುಗಳ ಲೆಕ್ಕವನ್ನು ಕಾರ್ಡುಗಳಲ್ಲಿ ಕೈಯಿಂದ ಬರೆದಿಡುತ್ತಿದ್ದ ಕಾಲದಲ್ಲಿ, ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ 1960ರ ದಶಕದಲ್ಲಿ 'ಸೇಬರ್' ಎಂಬ ಕಂಪ್ಯೂಟರ್ ವ್ಯವಸ್ಥೆ ತಂದವು. ಯೂರೋಪಿನ ವಿಮಾನ ಕಂಪನಿಗಳು ಕೂಡಿ 1987ರಲ್ಲಿ 'ಅಮಾಡಿಯಸ್' ಕಟ್ಟಿದವು. ಈ ಎರಡಕ್ಕೂ ಇಂದು ಬೆಂಗಳೂರಿನಲ್ಲಿ ಕಚೇರಿಗಳಿವೆ. ನಮ್ಮ ರೈಲ್ವೆಯ ಕಂಪ್ಯೂಟರ್ ಕೆಲಸಕ್ಕೆಂದು 'ಕ್ರಿಸ್' ಸಂಸ್ಥೆ ಆದದ್ದು 1986ರಲ್ಲಿ; ಮನೆಯಲ್ಲೇ ಕುಳಿತು ರೈಲು ಟಿಕೆಟ್ ತೆಗೆಯುವಂತಾದದ್ದು 2002ರಲ್ಲಿ. ಇನ್ನು ಬಸ್ಸಿನದು ಬೆಂಗಳೂರಿನದೇ ಕಥೆ. 2005ರ ದೀಪಾವಳಿಗೆ ಊರಿಗೆ ಹೊರಟ ಫಣೀಂದ್ರ ಸಾಮಾ ಎಂಬ ಇಂಜಿನಿಯರಿಗೆ ಎಷ್ಟು ಏಜೆಂಟರ ಬಾಗಿಲು ಸುತ್ತಿದರೂ ಟಿಕೆಟ್ ಸಿಗಲಿಲ್ಲ. ಯಾವ ಬಸ್ಸಿನಲ್ಲಿ ಸೀಟು ಖಾಲಿಯಿದೆ ಎಂಬುದು ಒಬ್ಬ ಏಜೆಂಟನಿಗೂ ಪೂರ್ತಿ ತಿಳಿದಿರಲಿಲ್ಲ. ಇಬ್ಬರು ಸ್ನೇಹಿತರೊಡನೆ ಸೇರಿ ಅವರು 2006ರಲ್ಲಿ 'ರೆಡ್‌ಬಸ್' ಆರಂಭಿಸಿದರು. ಹಬ್ಬಕ್ಕೆ ಊರಿಗೆ ಹೋಗಲಾಗದ ಸಂಕಟ ನಮಗೆಲ್ಲ ಗೊತ್ತಿದ್ದದ್ದೇ. ಅದರಿಂದ ಒಂದು ಕಂಪನಿ ಹುಟ್ಟೀತೆಂದು ಹೊಳೆಯಲಿಲ್ಲ, ಅಷ್ಟೆ.

ಸಂದರ್ಶನ ಒಂದೇ ದಿನದಲ್ಲಿ ಮುಗಿಯುವುದು ಕಡಿಮೆ. ಸಾಮಾನ್ಯವಾಗಿ ಮೊದಲು ಕಂಪ್ಯೂಟರಿನಲ್ಲೇ ಒಂದು ಪರೀಕ್ಷೆ. ಒಂದೂವರೆ ಗಂಟೆಯೊಳಗೆ ಎರಡೋ ಮೂರೋ ಲೆಕ್ಕಕ್ಕೆ ಪ್ರೋಗ್ರಾಂ ಬರೆಯಬೇಕು. ಆಮೇಲೆ ಒಬ್ಬರೆದುರು ಕುಳಿತು, ಅಥವಾ ವಿಡಿಯೋದಲ್ಲಿ, ಮಾತಾಡುತ್ತಾ ಕೋಡ್ ಬರೆಯುವ ಒಂದೆರಡು ಸುತ್ತು. ಅನುಭವ ಇರುವವರಿಗೆ 'ಇಂಥದೊಂದು ವ್ಯವಸ್ಥೆ ಹೇಗೆ ಕಟ್ಟುತ್ತೀರಿ?' ಎಂಬ ವಿನ್ಯಾಸದ ಸುತ್ತು. ಕೊನೆಗೆ ಮ್ಯಾನೇಜರು, ಸಂಬಳ ಇತ್ಯಾದಿ. ಈ ಎಲ್ಲದಕ್ಕೂ ತಳಪಾಯ ಮಾತಾಡುತ್ತಾ ಯೋಚಿಸುವ ಅಭ್ಯಾಸ. ಮೌನವಾಗಿ ಸರಿ ಉತ್ತರ ಬರೆದವರಿಗಿಂತ, ತಾನು ಏನು ಯೋಚಿಸುತ್ತಿದ್ದೇನೆಂದು ಹೇಳುತ್ತಾ ಅರ್ಧ ದಾರಿ ಬಂದವರನ್ನು ಆರಿಸಿದ್ದುಂಟು ಎಂದಳು ನಮ್ಮ ಹುಡುಗಿ.

ಹಾಗಾದರೆ ಮನೆಯಲ್ಲಿ ಕೂತು ಯಾರೊಡನೆ ಮಾತಾಡುವುದು?

ಅತ್ತೆಯೊಡನೆ! ನಗಬೇಡಿ ಸೋದರಿ. ನಾನೇ ಪರೀಕ್ಷೆ ಮಾಡಿ ನೋಡಿದೆ. ಅಕ್ಕನ ಮಗಳು ಒಂದು ಪ್ರಶ್ನೆ ಹಾಕಿದಳು, ನಾನು ಲಟ್ಟಣಿಗೆ ಹಿಡಿದೇ ಉತ್ತರಿಸಿದೆ. ನಿಮ್ಮೂರಿನ ಮೇಲೇ ಹೋಗುವ ರೈಲು: ಬೆಂಗಳೂರು, ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು. ಒಬ್ಬಾಕೆ ಬೆಂಗಳೂರಿನಿಂದ ತಿಪಟೂರಿಗೆ. ಇನ್ನೊಬ್ಬಾಕೆ ತಿಪಟೂರಿನಿಂದ ಬೀರೂರಿಗೆ. ಮೂರನೆಯವಳು ತುಮಕೂರಿನಿಂದ ಅರಸೀಕೆರೆಗೆ. ಮೂವರಿಗೂ ಸೀಟು ಬೇಕು, ಕನಿಷ್ಠ ಎಷ್ಟು ಸೀಟು ಸಾಕು?

"ಮೂರು" ಎಂದೆ ನಾನು, ದೊಡ್ಡ ಜಾಣೆಯಂತೆ.

"ಯೋಚನೆ ಮಾಡಿ ಚಿಕ್ಕಮ್ಮಾ. ತಿಪಟೂರಿನಲ್ಲಿ ಮೊದಲನೆಯವಳು ಇಳಿದಳಲ್ಲ?"

ಹೌದಲ್ಲ! ಆಕೆ ಇಳಿದ ಸೀಟಿನಲ್ಲಿ ಎರಡನೆಯಾಕೆ ಕೂರಬಹುದು. ಎರಡೇ ಸೀಟು ಸಾಕು. ಇಬ್ಬರ ನಡುವೆ ಜಗಳ ಬರುವುದು ಯಾವಾಗ? ಇಬ್ಬರೂ, ಇನ್ನೊಬ್ಬರು ಇಳಿಯುವ ಮೊದಲೇ ಹತ್ತುವವರಾಗಿದ್ದರೆ ಮಾತ್ರ. ಇನ್ನು ಪ್ರೋಗ್ರಾಂ ಎಂದರೆ ಇಷ್ಟೇ: ಪ್ರತಿ ಸ್ಟೇಷನ್ನಿನಲ್ಲಿ ಇಳಿದವರನ್ನು ಕಳೆಯಿರಿ, ಹತ್ತಿದವರನ್ನು ಕೂಡಿಸಿ, ದಾರಿಯುದ್ದಕ್ಕೂ ಅತಿ ಹೆಚ್ಚು ಎಷ್ಟಾಯಿತೋ ಅಷ್ಟು ಸೀಟು. ಇದರಲ್ಲೊಂದು ಕೊಂಡಿಯಿದೆ. ತಿಪಟೂರಿನಲ್ಲಿ ಮೊದಲು ಹತ್ತಿಸಿ ಆಮೇಲೆ ಇಳಿಸಿದರೆ ಲೆಕ್ಕ ಮೂರಾಗಿಬಿಡುತ್ತದೆ. ಮೊದಲು ಇಳಿಸಬೇಕು, ಆಮೇಲೆ ಹತ್ತಿಸಬೇಕು. "ಇಳಿಯೋರಿಗೆ ಜಾಗ ಬಿಡ್ರೀ" ಎಂದು ಕಂಡಕ್ಟರು ದಿನವೂ ಕೂಗುವುದು ಇದನ್ನೇ! ಇಂಜಿನಿಯರಿಂಗ್ ಓದಿದ ಎಷ್ಟೋ ಮಂದಿ ಸಂದರ್ಶನದಲ್ಲಿ ಈ ಒಂದು ಕಡೆ ಜಾರುತ್ತಾರಂತೆ.

ಹಾಗೆ ದಿನಕ್ಕೊಂದು ಲೆಕ್ಕ ಅತ್ತೆಗೆ ಕನ್ನಡದಲ್ಲೇ ವಿವರಿಸಿ. ಅವರಿಗೆ ಅರ್ಥವಾಗದ ಜಾಗದಲ್ಲಿ ನಿಮಗೂ ಪೂರ್ತಿ ಅರ್ಥವಾಗಿರುವುದಿಲ್ಲ.

ಇದಕ್ಕೇ ಇನ್ನೊಂದು ಮಗ್ಗುಲಿದೆ. ಒಂದೇ ಸೀಟಿಗೆ ಒಂದೇ ಕ್ಷಣದಲ್ಲಿ ಇಬ್ಬರು ಗುಂಡಿ ಒತ್ತಿದರೆ? ವರ್ಷಗಳ ಹಿಂದೆ ಬೇಲೂರಿಗೆ ಹೊರಟಿದ್ದೆ. ಬಸ್ಸು ಹತ್ತಿದರೆ ನನ್ನ ಸೀಟಿನಲ್ಲಿ ಬಸುರಿ ಹೆಂಗಸೊಬ್ಬಳು ಕುಳಿತಿದ್ದಾಳೆ. ನನ್ನ ಟಿಕೆಟ್ಟಿನಲ್ಲೂ ಹದಿನಾಲ್ಕು, ಅವಳದರಲ್ಲೂ ಹದಿನಾಲ್ಕು. ಎಬ್ಬಿಸಲು ಮನಸ್ಸು ಬರುತ್ತದೆಯೇ? ಹಾಸನದವರೆಗೆ ಕಂಬಿ ಹಿಡಿದು ನಿಂತೆ. ಯಾವ ಬಸ್ಸೆಂದು ಈಗ ಹೇಳಿ ಪ್ರಯೋಜನವಿಲ್ಲ. ಇಂಥದಾಗದಂತೆ ನೋಡಿಕೊಳ್ಳುವುದೇ ಈ ಕಂಪನಿಗಳ ಇಂಜಿನಿಯರುಗಳ ಮುಖ್ಯ ಕಸುಬುಗಳಲ್ಲಿ ಒಂದು. ಒಬ್ಬರು ಸೀಟು ಆರಿಸಿದ ಕೂಡಲೇ ಕೆಲವು ನಿಮಿಷ ಅದಕ್ಕೆ ಬೀಗ. ಹಣ ಬಂದರೆ ಟಿಕೆಟ್. ಬರದಿದ್ದರೆ ಹೊತ್ತು ಮೀರಿದ ತಕ್ಷಣ ಬೀಗ ತಾನಾಗಿ ತೆರೆಯಬೇಕು. ಇಷ್ಟರ ಮೇಲೂ, ಲೆಕ್ಕ ಇಡುವ ಡೇಟಾಬೇಸಿನಲ್ಲೇ 'ಈ ದಿನದ ಈ ಬಸ್ಸಿನಲ್ಲಿ, ಇಲ್ಲಿಂದ ಇಲ್ಲಿಯವರೆಗೆ ಈ ಸೀಟು ಒಬ್ಬರಿಗೇ' ಎಂಬ ಕಟ್ಟುಪಾಡು ಇರಬೇಕು. ಮನೆಗೆ ಚಿಲಕವೂ ಬೇಕು, ಬೀಗವೂ ಬೇಕಲ್ಲ, ಹಾಗೆ.

ಇದನ್ನು ಅತ್ತೆಗೆ ವಿವರಿಸಿದರೆ ಅವರು ಖಂಡಿತ ಕೇಳುತ್ತಾರೆ: "ದುಡ್ಡು ಹೋಯ್ತು, ಟಿಕೀಟು ಬರ್ಲಿಲ್ಲ ಅಂದ್ರೆ?" ಸಂದರ್ಶಕರು ಕೇಳುವುದೂ ಅದನ್ನೇ! ನೆಟ್‌ವರ್ಕ್ ನಿಧಾನವಾಗಿದೆ, ಸುತ್ತುತ್ತಾ ಇದೆ, ಗಾಬರಿಯಲ್ಲಿ ಇನ್ನೊಂದು ಸಲ ಒತ್ತುತ್ತೇವೆ. ಎರಡು ಸಲ ಹಣ ಹೋಗಬಾರದು. ಅದಕ್ಕೆ ಪ್ರತಿ ಬುಕಿಂಗಿಗೂ ಮೊದಲೇ ಒಂದು ನಂಬರು ಕೊಟ್ಟು, ಅದೇ ನಂಬರು ಎರಡನೆಯ ಸಲ ಬಂದರೆ 'ಇದು ಆಗಲೇ ಆಗಿದೆ' ಎಂದು ಹಳೆಯ ಉತ್ತರವನ್ನೇ ಮರಳಿಸಬೇಕು. ಚೀಟಿ ವ್ಯವಹಾರದಲ್ಲಿ ರಸೀದಿ ನಂಬರು ನೋಡಿ ಹಣ ತೆಗೆದುಕೊಳ್ಳುವ ಹೆಂಗಸರಿಗೆ ಇದು ಹೊಸತೇನಲ್ಲ.

ಅತ್ತೆಯವರನ್ನು ಬಿಟ್ಟರೆ ಇನ್ನೊಬ್ಬ ಗುರು ಅವರ ಕೈಯಲ್ಲಿರುವ ಶಕ್ತಿ ಟಿಕೆಟ್ಟು. ಜೂನ್ 11, 2023ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೂ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಡುತ್ತಾರೆ. ಯಾಕೆ ಎಂದು ಕೇಳಿದ್ದೀರಾ? ಆ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಬೇಕು. 'ಹಣ ಸೊನ್ನೆಯಾದರೆ ಟಿಕೆಟ್ ಬೇಡ' ಎಂದು ಪ್ರೋಗ್ರಾಂ ಬರೆದ ಜಾಣ, ಬಸ್ಸು ತುಂಬ ಹೆಂಗಸರಿದ್ದರೂ ಖಾಲಿ ಬಸ್ಸೆಂದು ತೋರಿಸುತ್ತಾನೆ. ಯಾವ ಲೆಕ್ಕ ಕೊಟ್ಟರೂ ಸೊನ್ನೆಯಾದರೆ ಏನು, ಒಂದೇ ಆದರೆ ಏನು, ಏನೂ ಇಲ್ಲದಿದ್ದರೆ ಏನು ಎಂದು ನೀವೇ ಮೊದಲು ಕೇಳಿಕೊಳ್ಳಿ. ಸಂದರ್ಶಕರು ಕೇಳುವವರೆಗೆ ಕಾಯಬೇಡಿ.

ಹಾಗೆಯೇ ನಡುರಾತ್ರಿಯ ಬಸ್ಸು. ನನ್ನ ತಮ್ಮ ಒಮ್ಮೆ ಹದಿನಾಲ್ಕನೆಯ ತಾರೀಖಿನ ರಾತ್ರಿ 12.15ರ ಬಸ್ಸಿಗೆಂದು ಹದಿನಾಲ್ಕರ ರಾತ್ರಿ ಊಟ ಮುಗಿಸಿ, ಸಂಸಾರ ಸಮೇತ ಪೆಟ್ಟಿಗೆ ಹೊತ್ತು ಹೋದ. ಬಸ್ಸು ಹಿಂದಿನ ರಾತ್ರಿಯೇ ಹೋಗಿತ್ತು. ಗಡಿಯಾರದ ಲೆಕ್ಕದಲ್ಲಿ 12 ದಾಟಿದರೆ ತಾರೀಖು ಬದಲು, ನಮ್ಮ ಲೆಕ್ಕದಲ್ಲಿ ಬೆಳಗಾದರೆ ಬದಲು. ತಪ್ಪು ತಮ್ಮನದೇ ಇರಬಹುದು, ಆದರೆ 'ಹದಿಮೂರರ ರಾತ್ರಿ ಮಲಗುವ ಮುನ್ನ ಹೊರಡಬೇಕು' ಎಂದು ಟಿಕೆಟ್ಟಿನಲ್ಲಿ ತಿಳಿಯುವಂತೆ ಹಾಕಿದ್ದರೆ ಆ ಮಕ್ಕಳು ಅಷ್ಟು ಹೊತ್ತಿನಲ್ಲಿ ಅಳುತ್ತಾ ಹಿಂತಿರುಗಬೇಕಿತ್ತೇ? ಇಂಥ ಅನುಭವ ನಿಮಗೂ ಇದ್ದರೆ ಸಂದರ್ಶನದಲ್ಲಿ ಸಂಕೋಚವಿಲ್ಲದೆ ಹೇಳಿ. ವಿಮಾನವಾದರೆ ದೇಶದೇಶಕ್ಕೆ ಹೊತ್ತು ಬೇರೆ. ಒಳಗೆ ಲೆಕ್ಕ ಇಡುವಾಗ ಲೋಕಕ್ಕೆಲ್ಲ ಒಂದೇ ಸಮಯ, ತೋರಿಸುವಾಗ ಆಯಾ ಊರಿನ ಸಮಯ ಎಂಬ ಪದ್ಧತಿಯನ್ನು ಓದಿಕೊಂಡಿರಿ.

ಇನ್ನು ದಾರಿಯ ಲೆಕ್ಕ. ಇದು ಕೇಳಿಯೇ ಕೇಳುತ್ತಾರೆಂದು ಅಕ್ಕನ ಮಗಳು ಪಣ ಕಟ್ಟುತ್ತಾಳೆ. ಊರುಗಳನ್ನು ಚುಕ್ಕಿಯಾಗಿ, ರಸ್ತೆಗಳನ್ನು ಗೆರೆಯಾಗಿ ಬರೆದು ಹತ್ತಿರದ ದಾರಿ ಹುಡುಕುವುದು. ಕಾಲೇಜಿನಲ್ಲಿ ಡೈಕ್‌ಸ್ಟ್ರಾ ಎಂಬ ಹೆಸರಿನಲ್ಲಿ ಓದಿರುತ್ತೀರಿ. ಮರೆತಿದ್ದರೆ ಎರಡು ದಿನ ಅದಕ್ಕೇ ಇಡಿ. ಆದರೆ ಕೋಡ್ ಬರೆಯಲು ಕೈ ಹಾಕುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಅರಸೀಕೆರೆಯಿಂದ ಬೇಲೂರಿಗೆ ಜಾವಗಲ್ಲು, ಹಳೇಬೀಡಿನ ಮೇಲೆ ಹೋಗಬಹುದು, ಹಾಸನದ ಮೇಲೂ ಹೋಗಬಹುದು. ಯಾವುದು ಹತ್ತಿರ? ತವರಿಗೆ ಹೋಗುವಾಗ ನೀವು ಕಿಲೋಮೀಟರ್ ಎಣಿಸುತ್ತೀರಾ? ಜಾವಗಲ್ಲಿನಲ್ಲಿ ಇಳಿದರೆ ಮುಂದಿನ ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕು, ಮಗು ಮಡಿಲಲ್ಲಿದೆ, ಬಿಸಿಲಿದೆ. ಹಾಸನವಾದರೆ ಸುತ್ತು, ಆದರೆ ಬಸ್ಸು ಸಿಗುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದ್ದರಿಂದ "ಹತ್ತಿರ ಅಂದರೆ ದೂರವೋ, ಸಮಯವೋ, ದುಡ್ಡೋ? ಕಾಯುವ ಹೊತ್ತನ್ನು ಸೇರಿಸಲೋ ಬೇಡವೋ?" ಎಂದು ಕೇಳಿ. ಕಾಯುವ ಹೊತ್ತು ನೀವು ಎಷ್ಟು ಗಂಟೆಗೆ ಬಂದು ಇಳಿದಿರಿ ಎಂಬುದರ ಮೇಲೆ ನಿಂತಿದೆ. ಲೆಕ್ಕ ನಿಜವಾಗಿ ಕಠಿಣವಾಗುವುದೇ ಅಲ್ಲಿ. "ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಖುಷಿಯಾಗತ್ತೆ ಚಿಕ್ಕಮ್ಮಾ, ಅರ್ಧ ಕೆಲಸ ಅವರು ಕೂತಲ್ಲೇ ಮಾಡಿಬಿಟ್ಟಿರ್ತಾರೆ" ಎಂದಳು.

ದರದ ವಿಷಯ ನಿಮ್ಮ ಯಜಮಾನರನ್ನೇ ಕೇಳಿ. ಹಲಗೆಯ ಮೇಲೆ ಬರೆದಿಟ್ಟ ನಿನ್ನೆಯ ಕೊಬ್ಬರಿ ಧಾರಣೆ ನೋಡಿ ಇವತ್ತು ವ್ಯಾಪಾರ ಕುದುರಿಸಿದರೆ ಏನಾಗುತ್ತದೆ? ಪ್ರತಿಯೊಬ್ಬರೂ ಒಳಗೆ ಹೋಗಿ ಕೇಳಿದರೆ ನೂಕುನುಗ್ಗಲಾಗುತ್ತದೆಂದು ಹಲಗೆ ಹಾಕಿರುತ್ತಾರೆ. ಹಾಗೆಂದು ಅದು ಹಳತಾಗಲು ಬಿಡುವಂತಿಲ್ಲ. ವಿಮಾನದ ದರ ತೋರಿಸುವುದರಲ್ಲೂ ಇದೇ ಗೋಳು. ಕಂಪ್ಯೂಟರಿನವರು ಇದನ್ನು 'ಕ್ಯಾಶ್' ಎನ್ನುತ್ತಾರಂತೆ. ದುಡ್ಡಿನ ಕ್ಯಾಶ್ ಅಲ್ಲ. ನೋಡಲು ಹಲಗೆ ಸಾಕು, ಹಣ ಕಟ್ಟುವ ಮುನ್ನ ಮಾತ್ರ ಒಳಗೆ ಹೋಗಿ ಕೇಳಲೇಬೇಕು.

ಇಷ್ಟು ಕೇಳಿದ ಮೇಲೆ ನಾನು, "ಒಟ್ಟು ಎಷ್ಟು ಲೆಕ್ಕ ಮಾಡಬೇಕೇ?" ಎಂದೆ. ಮೂರು ವಾರದಲ್ಲಿ ನೂರಾರು ಲೆಕ್ಕ ಓಡಿಸುವುದು ಬೇಡ, ನಲವತ್ತು ಸಾಕು, ಆದರೆ ಪ್ರತಿಯೊಂದನ್ನೂ ಎರಡು ಸಲ ಎಂದಳು. ಮೊದಲ ಸಲ ಕಾಗದದ ಮೇಲೆ. ನಾಲ್ಕು ದಿನ ಬಿಟ್ಟು ನೋಡದೆ ಕಂಪ್ಯೂಟರಿನಲ್ಲಿ. ಡೇಟಾಬೇಸಿನ ಪ್ರಶ್ನೆಗಳನ್ನು, ಅಂದರೆ ಎಸ್‌ಕ್ಯೂಎಲ್ ಅನ್ನು, ಕಡೆಗಣಿಸಬಾರದು. ಈಗ ಕೇಳಿದರೆ ಕೋಡ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆಯಲ್ಲ, ಕಲಿಯುವಾಗ ಅವುಗಳಿಂದ ತಪ್ಪು ತಿದ್ದಿಸಿಕೊಳ್ಳಿ, ದೋಷವಿಲ್ಲ. ಕಂಪನಿಯವರೇ ಬಳಸಿ ಎನ್ನದ ಹೊರತು ಸಂದರ್ಶನದ ಹೊತ್ತಿನಲ್ಲಿ ಮುಟ್ಟಬೇಡಿ. ಕಣ್ಣು ಪಕ್ಕಕ್ಕೆ ಸರಿದು ಓದುವುದು ಎದುರಿನವರಿಗೆ ಕಾಣುತ್ತದಂತೆ.

ಇಂಗ್ಲಿಷ್ ಬಗ್ಗೆ ಕೇಳಿದ್ದೀರಿ. ಅಲ್ಲಿ ನೋಡುವುದು ವ್ಯಾಕರಣವನ್ನಲ್ಲ. ಆದರೆ ಬರುವುದೇ ಇಲ್ಲ ಎಂದು ಬಾಯಿ ಮುಚ್ಚಿದರೆ ನಡೆಯದು. ಕನ್ನಡದಲ್ಲಿ ಅತ್ತೆಗೆ ಹೇಳಿದ ಅದೇ ಲೆಕ್ಕವನ್ನು ರಾತ್ರಿ ಮಗು ಮಲಗಿದ ಮೇಲೆ ಇಂಗ್ಲಿಷಿನಲ್ಲಿ ಫೋನಿಗೆ ಹೇಳಿ, ಮುದ್ರಿಸಿಕೊಂಡು ಕೇಳಿ. ಮೊದಲ ದಿನ ನಾಚಿಕೆಯಾಗುತ್ತದೆ. ನಾಲ್ಕನೆಯ ದಿನ ತಪ್ಪು ನಿಮಗೇ ಕೇಳಿಸುತ್ತದೆ. ಚಿಕ್ಕ ವಾಕ್ಯ, ನಿಧಾನ ಮಾತು. ತೋಚದಿದ್ದರೆ ಒಂದು ನಿಮಿಷ ಯೋಚಿಸುತ್ತೇನೆಂದು ಕೇಳಿಕೊಳ್ಳುವುದು ಅಪರಾಧವಲ್ಲ.

ಇನ್ನೊಂದು ದೂರನ್ನು ಅಕ್ಕನ ಮಗಳು ಬೇಸರದಿಂದಲೇ ಹೇಳಿದಳು. ಹಿಂದಿನ ಕೆಲಸದಲ್ಲಿ ಏನು ಮಾಡಿದಿರಿ ಎಂದರೆ ಹುಡುಗಿಯರು 'ನಾವು ಮಾಡಿದೆವು, ನಮ್ಮ ತಂಡ ಮಾಡಿತು' ಎನ್ನುತ್ತಾರಂತೆ. ಕೆದಕಿ ಕೇಳಿದರೆ ಮುಕ್ಕಾಲು ಪಾಲು ಇವಳೇ ಮಾಡಿರುತ್ತಾಳೆ! ನಾವು ಬೆಳೆಸಿದ ರೀತಿ ಹಾಗಿದೆ. ಹಬ್ಬದಡುಗೆ ಒಬ್ಬಳೇ ಮಾಡಿದರೂ 'ಎಲ್ಲ ಸೇರಿ ಮಾಡಿದ್ವಿ' ಎನ್ನುವುದೇ ಲಕ್ಷಣವೆಂದು ಕಲಿಸಿದ್ದೇವೆ. ಸೋದರಿ, ನೀವು ಬೇಲೂರಿನಲ್ಲಿ ಓದಿದವರು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ಗುಡಿಯಲ್ಲಿ, ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿಟ್ಟಿದ್ದಾರೆ. ಗುಡಿ ಕಟ್ಟಿದವರು ಎಷ್ಟೋ ಮಂದಿ, ಆದರೆ ಈ ಗೊಂಬೆ ನನ್ನದು ಎಂದು ಹೇಳಲು ಅವರು ಹಿಂಜರಿಯಲಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಆ ಹೆಸರುಗಳೂ ಜೊತೆಗೇ ಹೋದವು. ಆ ಎರಡು ವರ್ಷದಲ್ಲಿ ನೀವೇ ಬರೆದದ್ದು, ನೀವೇ ಸರಿಪಡಿಸಿದ್ದು ಏನೆಂದು ಮೂರು ಘಟನೆ ಬರೆದಿಟ್ಟುಕೊಳ್ಳಿ. 'ನಾನು' ಎಂದೇ ಹೇಳಿ.

ನಾಲ್ಕು ವರ್ಷದ ಬಿಡುವಿನ ಬಗ್ಗೆ ಕೇಳುತ್ತಾರೆ, ಕೇಳದೆ ಬಿಡುವುದಿಲ್ಲ. ಉತ್ತರ ಎರಡು ವಾಕ್ಯ ಮೀರಬಾರದು. ಮಗುವಿಗಾಗಿ ಬಿಟ್ಟಿದ್ದೆ, ಈಗ ಮಗು ಶಾಲೆಗೆ ಹೋಗುತ್ತದೆ, ನಾನು ಸಿದ್ಧಳಿದ್ದೇನೆ. ಕ್ಷಮೆ ಕೇಳುವ ದನಿ ಬೇಡ. ಅದರ ಹಿಂದೆಯೇ, ಈ ಮೂರು ವಾರದಲ್ಲಿ ಮಾಡಿದ ಒಂದು ಪುಟ್ಟ ಕೆಲಸ ತೋರಿಸಲು ಇರಲಿ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹಲಗೆಯ ಮೇಲಿನ ಸಮಯಗಳನ್ನು ಬರೆದುಕೊಂಡು ಬಂದು, ಬೇಲೂರಿಗೆ ಈಗ ಹೊರಟರೆ ಯಾವ ದಾರಿಯಲ್ಲಿ ಬೇಗ ತಲುಪಬಹುದೆಂದು ಹೇಳುವ ಸಣ್ಣ ಪ್ರೋಗ್ರಾಂ ಮಾಡಿ. ದೊಡ್ಡದು ಬೇಡ, ಸರಿಯಾಗಿ ನಡೆದರೆ ಸಾಕು.

ಹೇಳುವುದೇನೋ ಸುಲಭ, ಹೊತ್ತೆಲ್ಲಿದೆ ಎನ್ನುತ್ತೀರಿ. ಅದೇ ದೊಡ್ಡ ಪ್ರಶ್ನೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿ, ಆಮೇಲೆ ಎಂದಿನಂತೆ ತಿಂಡಿ, ಡಬ್ಬಿ, ಪಾತ್ರೆ, ಬಟ್ಟೆ ಎಲ್ಲ ಮಾಡಿ ಎಂದು ಬರೆಯುವವಳು ನಾನಲ್ಲ. ಹಾಗೆ ಮಾಡಿ ಸಂದರ್ಶನದ ದಿನ ಜ್ವರ ಹಿಡಿದು ಮಲಗಿದವರನ್ನು ಕಂಡಿದ್ದೇನೆ. ದಿನಕ್ಕೆ ಮೂರು ಗಂಟೆ ಬೇಕು, ಬಾಗಿಲು ಹಾಕಿಕೊಂಡು. ಮಗು ಶಾಲೆಗೆ ಹೋದ ಮೇಲೆ ಹತ್ತರಿಂದ ಒಂದರವರೆಗೆ ಎಂದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ನೀವು ಮನೆಯಲ್ಲಿಲ್ಲ. ಗ್ಯಾಸಿನವನು ಬಂದರೆ, ನೆಂಟರು ಬಂದರೆ ಬೇರೆಯವರು ನೋಡಿಕೊಳ್ಳಬೇಕು. ಯಜಮಾನರು ಮೂರು ವಾರ ರಾತ್ರಿಯ ಪಾತ್ರೆ ತೊಳೆದರೆ ಕೊಬ್ಬರಿ ಧಾರಣೆ ಬಿದ್ದುಹೋಗುವುದಿಲ್ಲ.

ಅಡುಗೆ ಹಗುರವಾಗಲೆಂದು ಒಂದು ಡಬ್ಬಿ ಕೊಬ್ಬರಿ ಚಟ್ನಿಪುಡಿ ಮಾಡಿಟ್ಟುಕೊಳ್ಳಿ. ಎರಡು ಬಟ್ಟಲು ಒಣಕೊಬ್ಬರಿ ತುರಿಗೆ ಒಂದು ಬಟ್ಟಲು ಹುರಿಗಡಲೆ, ಹತ್ತು ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕರಿಬೇವು, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಚಿಟಿಕೆ ಇಂಗು, ಉಪ್ಪು, ಬೇಕಿದ್ದರೆ ಬೆಲ್ಲ. ಮೆಣಸಿನಕಾಯಿ, ಕರಿಬೇವನ್ನು ಒಂದು ಚಮಚ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು ಆರಲು ಬಿಡಿ. ಕೊಬ್ಬರಿ ಬಿಟ್ಟು ಉಳಿದದ್ದನ್ನು ಪುಡಿ ಮಾಡಿ, ಕೊನೆಯಲ್ಲಿ ಕೊಬ್ಬರಿ ಹಾಕಿ ಒಂದೆರಡು ಸುತ್ತು ಮಾತ್ರ ತಿರುಗಿಸಿ. ಹೆಚ್ಚು ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅನ್ನಕ್ಕೆ, ರೊಟ್ಟಿಗೆ, ಅವಲಕ್ಕಿಗೆ ಎಲ್ಲಕ್ಕೂ ಆಗುತ್ತದೆ. ಎರಡು ವಾರ ಕೆಡುವುದಿಲ್ಲ.

ವಿಡಿಯೋ ಸಂದರ್ಶನವಾದರೆ ಕರೆಂಟು ಹೋಗುವುದನ್ನು ಮೊದಲೇ ಎಣಿಸಿ. ಲ್ಯಾಪ್‌ಟಾಪ್ ಚಾರ್ಜು, ಪಕ್ಕದಲ್ಲಿ ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನು. ಸಂಪರ್ಕ ಕಡಿದರೆ ಯಾವ ನಂಬರಿಗೆ ತಿಳಿಸಬೇಕೆಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಬೆಂಗಳೂರಿಗೇ ಕರೆದರೆ ಹಿಂದಿನ ಸಂಜೆಯ ರೈಲು ಹಿಡಿಯಿರಿ. ರೈಲಿನಲ್ಲಿ ಎರಡೂವರೆ ಮೂರು ಗಂಟೆಯ ದಾರಿಯೆಂದು ಬೆಳಿಗ್ಗೆ ಹೊರಟು, ತಡವಾದರೆ ಕೈಹೊಸಕಿಕೊಳ್ಳುವುದು ಬೇಡ.

ಈಗ ಅತ್ತೆಯವರಿಗೆ. ಅಮ್ಮಾ, ನೀವು ಬರೆದ ಮೊದಲ ಮಾತಿಗೆ ನನ್ನ ಉತ್ತರ: ಕೊಡುತ್ತಾರೆ, ಆದರೆ ಖಾತ್ರಿಯಿಲ್ಲ. ಅಕ್ಕನ ಮಗಳೇ ಮೊದಲ ಮೂರು ಕಡೆ ಆಗದೆ ನಾಲ್ಕನೆಯದರಲ್ಲಿ ಕೆಲಸ ಹಿಡಿದವಳು. ಆಗ ಅವಳೂ ಎರಡು ದಿನ ಊಟ ಬಿಟ್ಟಿದ್ದಳು, ಮೂರನೆಯ ದಿನ ನಮ್ಮಕ್ಕ ಬೈದು ಬಡಿಸಿದಳು. ಈ ಸಲ ಆಗದೆ ಹೋದರೆ ನೀವೂ ಹಾಗೇ ಮಾಡಿ. ಆಗ ಓದಿದ್ದು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಕರೆಗೆ ಆಗುತ್ತದೆ.

ಎರಡನೆಯ ಮಾತಿಗೆ ಉತ್ತರ ಕಷ್ಟ. ಮಗು ನಿಮ್ಮನ್ನು ಬಿಟ್ಟು ಇರುವುದಿಲ್ಲ ಎಂದು ನೀವು ಬರೆಯಲಿಲ್ಲ. ಕರೆದುಕೊಂಡು ಹೋಗುತ್ತಾಳೆ ಎಂದು ಬರೆದಿರಿ. ನನಗೆ ಅರ್ಥವಾಯಿತು. ನನ್ನ ಮೊಮ್ಮಗ ಬೇರೆ ಊರಿಗೆ ಹೋದ ಜೂನ್ ತಿಂಗಳಿನಲ್ಲಿ ನಾನು ಒಂದು ವಾರ ಎರಡು ಲೋಟ ಹಾಲು ಕಾಯಿಸಿ ಒಂದನ್ನು ಚೆಲ್ಲಿದ್ದೆ. ಇದಕ್ಕೆ ಮದ್ದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳಿವೆ. ವಾರದಲ್ಲಿ ಎಷ್ಟು ದಿನ ಕಚೇರಿಗೆ ಬರಬೇಕು, ಮನೆಯಿಂದ ಕೆಲಸ ಮಾಡಲು ಬಿಡುತ್ತಾರೆಯೇ ಎಂಬುದನ್ನು ಕಂಪನಿಯವರನ್ನೇ ಕೇಳಬಹುದು. ಐವತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಶಿಶುಕೇಂದ್ರದ ಸೌಲಭ್ಯ ಇರಬೇಕೆಂದು 2017ರಲ್ಲೇ ಕಾನೂನಾಗಿದೆ. ಅದು ಎಲ್ಲಿದೆ, ಯಾವ ವಯಸ್ಸಿನವರೆಗೆ ಸೇರಿಸಿಕೊಳ್ಳುತ್ತಾರೆ ಎಂದೂ ಕೇಳಬೇಕು. ಸೋದರಿ, ಇವನ್ನು ಮೊದಲ ಸುತ್ತಿನಲ್ಲಿ ಕೇಳಬೇಡಿ, ಕೆಲಸ ಕೊಡುತ್ತೇವೆ ಎಂದ ಮೇಲೆ, ಒಪ್ಪುವ ಮುನ್ನ ಕೇಳಿ. ಉತ್ತರ ಬಂದ ದಿನ ಗಂಡ ಹೆಂಡತಿ ಇಬ್ಬರೇ ಕೋಣೆಯಲ್ಲಿ ತೀರ್ಮಾನಿಸಬೇಡಿ. ಅತ್ತೆಯನ್ನೂ ಕೂರಿಸಿಕೊಳ್ಳಿ. ವಾರದಲ್ಲಿ ಮೂರು ದಿನ ಅವರೇ ಬೆಂಗಳೂರಿಗೆ ಬರುತ್ತೇನೆಂದರೂ ಅಂದಾರು, ರೈಲಿದೆ.

ಅಲ್ಲಿಯವರೆಗೆ, ಅಮ್ಮಾ, ದಿನಕ್ಕೆ ಅರ್ಧ ಗಂಟೆ ಅವಳ ಲೆಕ್ಕ ಕೇಳಿ. ಅರ್ಥವಾಗದಿದ್ದರೆ "ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳು" ಎನ್ನಿ. ಸಂದರ್ಶನ ಮುಗಿದ ಮೇಲ, ಆಗಲಿ ಆಗದಿರಲಿ, ಇಬ್ಬರೂ ಬರೆಯಿರಿ. ಒಂದೇ ಲಕೋಟೆಯಲ್ಲಿ ಹಾಕಿದರೂ ಸರಿ, ಈ ಸಲ ಒಬ್ಬರಿಗೊಬ್ಬರು ತೋರಿಸಿ ಅಂಟಿಸಿ.

ತಿಪಟೂರಿನಿಂದ ಹಪ್ಪಳದ ಬಗ್ಗೆ ಕೇಳಿದ ಮೂವರು ಓದುಗರಿಗೆ ಉತ್ತರ ಮುಂದಿನ ಸಂಚಿಕೆಯಲ್ಲಿ.